ಹಂಪೆಯ ಉತ್ಸವವೂ ಹಂಪೆಯ ಸಂತೆಯೂ

ವಿಜಯನಗರದ ಬೀದಿಗಳಲ್ಲಿ ಮುತ್ತುರತ್ನಗಳನ್ನು ರಾಶಿ ಹಾಕಿಕೊಂಡು, ಬಳ್ಳದಿಂದ ಅಳೆದು ಮಾರುತ್ತಿದ್ದರೆಂಬ ಮಾತನ್ನು ಕೇಳದ ಕನ್ನಡಿಗನಿಲ್ಲ. ಅಜ್ಜಿ ಹೇಳುವ ಕಥೆಯಿಂದ ಮೊದಲ್ಗೊಂಡು ಮಂತ್ರಿಗಳು ಮಾಡುವ ಭಾಷಣದವರೆಗೆ ಅದು ನಮ್ಮನ್ನು ಹಿಂಬಾಲಿಸಿಕೊಂಡು ಬರುತ್ತದೆ. ವಿಜಯನಗರದ ವಿಷಯವಾಗಿ ನಿಮಗೆ ತಿಳಿದಿರುವುದನ್ನು ಬರೆಯಿರಿ ಎಂದು ನಮ್ಮ ಶಾಲೆಯ ಮಕ್ಕಳಿಗೆ ಹೇಳಿದರೆ, ದೆಹಲಿಯಲ್ಲೇ ಹುಟ್ಟಿ ಬೆಳೆದು ಹಂಪೆಯನ್ನು ಕಣ್ಣಾರೆ ಕಾಣದ ಮಗುವೂ ಮೊದಲ ವಾಕ್ಯವಾಗಿ ಇದನ್ನೇ ಬರೆಯುತ್ತದೆ. ಅದು ಸುಳ್ಳೆಂದು ನಾನು ಹೇಳುವುದಿಲ್ಲ. 1443ರಲ್ಲಿ ಹೆರಾತಿನ ಅರಸ ಶಾರೂಖನ ರಾಯಭಾರಿಯಾಗಿ ಬಂದ ಅಬ್ದುರ್ ರಜಾಕನು, ಆ ನಗರದ ರತ್ನಪಡಿ ವ್ಯಾಪಾರಿಗಳು ಮುತ್ತು, ಮಾಣಿಕ್ಯ, ಪಚ್ಚೆ, ವಜ್ರಗಳನ್ನು ಬಹಿರಂಗವಾಗಿ ಬಜಾರಿನಲ್ಲಿಯೇ ಮಾರುತ್ತಿದ್ದುದನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ.

ಆದರೆ ಆ ಒಂದು ವಾಕ್ಯದ ಮುಂದೆ ನಾವು ಹೋಗುವುದಿಲ್ಲ. ಆ ರಾಶಿಯ ಹಿಂದೆ ಕುಳಿತವನು ಯಾರು? ಎದುರಿಗೆ ನಿಂತು ಕೊಂಡವನು ಯಾವ ಊರಿನವನು? ಅವರಿಬ್ಬರೂ ಯಾವ ಭಾಷೆಯಲ್ಲಿ ಚೌಕಾಸಿ ಮಾಡಿದರು? ಬಳ್ಳದ ಅಳತೆ ಸರಿಯಾಗಿದೆಯೆಂದು ನೋಡಿಕೊಂಡವರು ಯಾರು? ಇವು ಯಾವುದನ್ನೂ ನಾವು ಮಕ್ಕಳಿಗೆ ಹೇಳುವುದಿಲ್ಲ, ನಾವಾಗಿಯೂ ಕೇಳಿಕೊಳ್ಳುವುದಿಲ್ಲ. ರಾಶಿಯೊಂದು ನೆನಪಿನಲ್ಲಿ ಉಳಿದಿದೆ, ತಕ್ಕಡಿ ಮರೆತುಹೋಗಿದೆ. ಹಂಪೆಯ ಹೆಸರಿನಲ್ಲಿ ವರ್ಷವರ್ಷವೂ ನಡೆಯುವ ಉತ್ಸವಕ್ಕೂ ಇದೇ ಕೊರತೆ ಅಂಟಿಕೊಂಡಿದೆ ಎಂಬುದು ನನ್ನ ಅಭಿಪ್ರಾಯ.

ಉತ್ಸವವನ್ನು ಹಳಿಯುವುದು ಈ ಲೇಖನದ ಉದ್ದೇಶವಲ್ಲ. ನಾನು ಹುಟ್ಟಿದ್ದು ತುಂಗಭದ್ರೆಯ ಆಚೆಯ ದಡದ ಗಂಗಾವತಿ ಸೀಮೆಯಲ್ಲಿ. ಮೆಟ್ರಿಕ್ಕಿನವರೆಗೆ ಓದಿದ್ದು ಅಲ್ಲಿನ ಕನ್ನಡ ಶಾಲೆಯಲ್ಲಿ. 1980ರ ದಶಕದಲ್ಲಿ ಎಂ. ಪಿ. ಪ್ರಕಾಶರ ಆಸ್ಥೆಯಿಂದ ಆರಂಭವಾದ ಈ ಉತ್ಸವವು ನಮ್ಮಂಥ ಹಳ್ಳಿಯ ಹುಡುಗರಿಗೆ ಸಂಗೀತ, ನಾಟಕ, ಕುಣಿತಗಳ ದೊಡ್ಡ ಲೋಕವನ್ನೇ ತೆರೆದು ತೋರಿಸಿತು. ‘ಹಾಳು ಹಂಪೆ’ ಎಂಬ ಮಾತನ್ನೇ ಕೇಳುತ್ತ ಬೆಳೆದ ಜನಕ್ಕೆ, ಇದು ಒಂದು ಕಾಲಕ್ಕೆ ತುಂಬಿದ ನಗರವಾಗಿತ್ತು ಎಂಬ ಹೆಮ್ಮೆಯನ್ನು ಅದು ಕೊಟ್ಟಿತು. ಆ ಉಪಕಾರವನ್ನು ಮರೆಯಲಾಗದು. ಜಾನಪದ ಕಲಾತಂಡಗಳ ಮೆರವಣಿಗೆ, ಧ್ವನಿ ಬೆಳಕಿನ ರೂಪಕ, ಹೊಳೆಗೆ ಆರತಿ, ಮೇಲಿಂದ ಸ್ಮಾರಕಗಳನ್ನು ನೋಡಲು ಹೆಲಿಕಾಪ್ಟರು, ಹೀಗೆ ಅದರ ವೈಭವ ಬೆಳೆಯುತ್ತಲೇ ಬಂದಿದೆ. ಮಳಿಗೆಗಳೂ ವಸ್ತುಪ್ರದರ್ಶನಗಳೂ ಇಲ್ಲದಿಲ್ಲ. ಆದರೆ ಇವೆಲ್ಲದರ ನಡುವೆ ಕೃಷ್ಣದೇವರಾಯನು ಆನೆಯ ಮೇಲೆ ಬರುತ್ತಾನೆ, ಹೋಗುತ್ತಾನೆ. ಅವನ ನಗರಕ್ಕೆ ಉಸಿರು ಕೊಟ್ಟ ವ್ಯಾಪಾರಿ ಮಾತ್ರ ಎಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ.

ವಿಜಯನಗರವು ಅರಮನೆಯೂ ಗುಡಿಯೂ ಆಗಿದ್ದಷ್ಟೇ ಪೇಟೆಯೂ ಆಗಿತ್ತು. ಇಂದಿಗೂ ಹಂಪೆಯ ನಕ್ಷೆಯನ್ನು ಹರಡಿಕೊಂಡು ನೋಡಿದರೆ ದೊಡ್ಡ ದೇವಾಲಯಗಳ ಮುಂದೆಲ್ಲ ಉದ್ದನೆಯ ಬಜಾರುಗಳು ಚಾಚಿಕೊಂಡಿರುವುದು ಕಾಣುತ್ತದೆ. ವಿರೂಪಾಕ್ಷನ ಗೋಪುರದಿಂದ ಪೂರ್ವಕ್ಕೆ ಸುಮಾರು ಮುಕ್ಕಾಲು ಕಿಲೋಮೀಟರು ದೂರ ಕಲ್ಲಿನ ಕಂಬಗಳ ಸಾಲುಮಂಟಪಗಳಿವೆ. ಕೃಷ್ಣನ ಗುಡಿಯ ಮುಂದೆ ಒಂದು ಬಜಾರು, ಅಚ್ಯುತರಾಯನ ಗುಡಿಯ ಮುಂದೆ ಒಂದು, ವಿಠ್ಠಲನ ಗುಡಿಯ ಮುಂದೆ ಮತ್ತೊಂದು. ಅರಮನೆಯ ಆವರಣದ ಸಮೀಪದಲ್ಲಿ ಇಮ್ಮಡಿ ದೇವರಾಯನು 1426ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಚೈತ್ಯಾಲಯವಿದೆಯಷ್ಟೆ. ಅದರ ಶಾಸನವು ಆ ಬಸದಿ ಎಲೆ ಅಡಿಕೆ ಮಾರುವ ಬೀದಿಯಲ್ಲಿದೆಯೆಂದು ವಿಳಾಸ ಹೇಳುತ್ತದೆ. ಜಿನನಿಗೆ ಗುಡಿ ಕಟ್ಟಿಸಿದ ಚಕ್ರವರ್ತಿ, ಎಲೆ ಅಡಿಕೆಯ ಬೀದಿಯನ್ನು ಗುರುತಾಗಿ ಹೇಳಲು ನಾಚಿಕೊಳ್ಳಲಿಲ್ಲ!

ಆ ಬೀದಿಗಳಲ್ಲಿ ಮಾರುತ್ತಿದ್ದುದೂ ರತ್ನಗಳನ್ನಷ್ಟೇ ಅಲ್ಲ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸನು ವಜ್ರ ವೈಡೂರ್ಯಗಳ ಬೀದಿಯನ್ನು ವರ್ಣಿಸಿದ ಉಸಿರಿನಲ್ಲಿಯೇ, ಅಲ್ಲಿ ಪ್ರತಿ ಸಂಜೆ ಸಂತೆ ನೆರೆಯುತ್ತಿದ್ದುದನ್ನೂ, ಸಾಧಾರಣ ಜಾತಿಯ ಕುದುರೆ ತಟ್ಟುಗಳು, ನಿಂಬೆ, ಕಿತ್ತಳೆ, ದ್ರಾಕ್ಷಿ, ತರಕಾರಿ, ಸೌದೆ ಎಲ್ಲವೂ ಮಾರಾಟಕ್ಕೆ ಬರುತ್ತಿದ್ದುದನ್ನೂ ಹೇಳುತ್ತಾನೆ. ಅಬ್ದುರ್ ರಜಾಕನಿಗೆ ಕಂಡ ಇನ್ನೊಂದು ಅಚ್ಚರಿ ಗುಲಾಬಿ ಹೂವು. ಈ ಊರಿನ ಜನಕ್ಕೆ ಅನ್ನದಷ್ಟೇ ಅವಶ್ಯವಾದದ್ದು ಗುಲಾಬಿ ಎಂದು ಅವನಿಗೆ ತೋರಿತು. ಒಂದೊಂದು ಕಸುಬಿನವರ ಅಂಗಡಿಗಳೂ ಒಂದೆಡೆ ಸೇರಿಕೊಂಡಿದ್ದವೆಂದೂ ಅವನು ಗಮನಿಸಿದ್ದಾನೆ. ಹೂವಾಡಿಗಿತ್ತಿ, ಸೌದೆ ಮಾರುವವನು, ತರಕಾರಿಯ ಬುಟ್ಟಿ ಹೊತ್ತವಳು, ಇವರೆಲ್ಲ ಸೇರಿದಾಗ ಮಾತ್ರ ಅದು ನಗರವಾಯಿತು. ಇವರನ್ನು ಬಿಟ್ಟು ಬರಿಯ ರತ್ನದ ರಾಶಿಯನ್ನು ಇಟ್ಟುಕೊಂಡರೆ ಅದು ಕಥೆಯಲ್ಲಿ ಬರುವ ನಿಧಿಯಾದೀತು, ಊರಾಗದು.

ಈ ಪೇಟೆ ಯಾವುದರ ಮೇಲೆ ನಿಂತಿತ್ತು ಎಂಬುದು ಮುಖ್ಯವಾದ ಪ್ರಶ್ನೆ. ಕುದುರೆಯ ವ್ಯಾಪಾರವನ್ನೇ ನೋಡೋಣ. ಒಳ್ಳೆಯ ಯುದ್ಧದ ಕುದುರೆ ನಮ್ಮ ನಾಡಿನಲ್ಲಿ ಹುಟ್ಟುವುದಲ್ಲ. ಅದು ಅರೇಬಿಯದಿಂದ, ಪಾರಸಿಯ ಕೊಲ್ಲಿಯ ಹೊರ್ಮುಜ್ ಬಂದರಿನಿಂದ ಹಡಗಿನಲ್ಲಿ ಬರಬೇಕು. ಭಟ್ಕಳ, ಗೋವೆಗಳಲ್ಲಿ ಇಳಿಯಬೇಕು. ಘಟ್ಟ ಹತ್ತಿ ರಾಜಧಾನಿಗೆ ನಡೆಯಬೇಕು. ವಿಜಯನಗರದ ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ನೂನಿಜನು ಬರೆದಿದ್ದಾನೆ. ಅವನೇ ಹೇಳುವ ಇನ್ನೊಂದು ಸಂಗತಿಯಿದೆ. ಸಾಳುವ ನರಸಿಂಹನು, ಹಡಗಿನಲ್ಲಿ ಸತ್ತುಹೋದ ಕುದುರೆಗೂ ಬೆಲೆ ಕೊಡುತ್ತಿದ್ದನಂತೆ. ವ್ಯಾಪಾರಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೆ ಸಾಕಾಗಿತ್ತಂತೆ. ಕಡಲಿನ ಅಪಾಯವನ್ನು ಪರದೇಶದ ವ್ಯಾಪಾರಿಯೊಬ್ಬನ ತಲೆಗೇ ಕಟ್ಟದೆ, ಕೊಳ್ಳುವವನೂ ಹಂಚಿಕೊಂಡ ಬಗೆ ಇದು. ಕೃಷ್ಣದೇವರಾಯನು ತೆಲುಗಿನಲ್ಲಿ ರಚಿಸಿದ ‘ಆಮುಕ್ತಮಾಲ್ಯದ’ ಕಾವ್ಯದ ರಾಜನೀತಿಯ ಭಾಗದಲ್ಲಿಯೂ ಇದೇ ಬುದ್ಧಿ ಕಾಣುತ್ತದೆ: ಅರಸನು ಬಂದರುಗಳನ್ನು ಚೆನ್ನಾಗಿ ನೋಡಿಕೊಳ್ಳಬೇಕು, ದೂರದ ದ್ವೀಪಗಳ ವರ್ತಕರನ್ನು ಗೌರವಿಸಿ ತನ್ನವರನ್ನಾಗಿ ಮಾಡಿಕೊಳ್ಳಬೇಕು, ಬಿರುಗಾಳಿಗೆ ಸಿಕ್ಕಿ ತನ್ನ ತೀರಕ್ಕೆ ಬಂದಿಳಿದ ನಾವಿಕರಿಗೆ ಆಶ್ರಯ ಕೊಡಬೇಕು ಎಂಬುದು ಅವನ ಉಪದೇಶ.

ಆದಕಾರಣ, ಮುತ್ತುರತ್ನಗಳಿಗಿಂತ ದೊಡ್ಡ ಸಂಪತ್ತು ಆ ನಗರದಲ್ಲಿತ್ತು, ಅದು ನಂಬಿಕೆ. ಅಪರಿಚಿತನೂ ಇಲ್ಲಿಗೆ ಬರಬಹುದು, ಅವನ ಮೂಟೆಯನ್ನು ಯಾರೂ ಕಸಿಯುವುದಿಲ್ಲ, ಅವನ ದೇವರು ಯಾರೆಂದು ಕೇಳಿ ಬಾಗಿಲು ಮುಚ್ಚುವುದಿಲ್ಲ ಎಂಬ ನಂಬಿಕೆ. ಈ ಊರಿನಲ್ಲಿ ಕ್ರೈಸ್ತನೋ ಯಹೂದಿಯೋ ಮುಸಲ್ಮಾನನೋ ಹಿಂದುವೋ ಎಂಬ ವಿಚಾರಣೆಯಿಲ್ಲದೆ ಯಾರು ಬೇಕಾದರೂ ಬಂದು ಹೋಗಿ ತಮ್ಮ ಮತದಂತೆ ಬಾಳಬಹುದು ಎಂದು ಹದಿನಾರನೆಯ ಶತಮಾನದ ಆದಿಯಲ್ಲಿ ದುವಾರ್ತೆ ಬಾರ್ಬೋಸನು ಬರೆದನು. 1439ರಲ್ಲಿ ಅಹಮದ್ ಖಾನನೆಂಬ ಅಧಿಕಾರಿಯು ತನ್ನ ಒಡೆಯನಾದ ದೇವರಾಯನಿಗೆ ಪುಣ್ಯವಾಗಲೆಂದು ಕಟ್ಟಿಸಿದ ಕಟ್ಟಡ ಇಂದಿಗೂ ಅಲ್ಲಿ ನಿಂತಿದೆ. ಅದರ ಶಾಸನ ಅದನ್ನು ಧರ್ಮಸಾಲೆಯೆಂದು ಕರೆಯುತ್ತದೆ. ಹಜಾರರಾಮನ ಪ್ರಾಕಾರದ ಹೊರಗೋಡೆಯ ಮೇಲೆ ಕುದುರೆಗಳನ್ನು ಹಿಡಿದು ನಡೆಯುವವರ ಸಾಲು ಸಾಲನ್ನೇ ಕೆತ್ತಿದ್ದಾರೆ. ಪರದೇಶದಿಂದ ಬಂದವರಿಗೂ ಆ ಕಾಲದ ಶಿಲ್ಪಿ ಕಲ್ಲಿನಲ್ಲಿ ಜಾಗ ಕೊಟ್ಟನು. ನಮ್ಮ ಉತ್ಸವದ ವೇದಿಕೆಯಲ್ಲಿ ಅವರಿಗೆ ಅಷ್ಟು ಜಾಗವೂ ಸಿಕ್ಕಿಲ್ಲ.

‘ಪರದೇಶಿ’ ಎಂಬ ಶಬ್ದವನ್ನು ಇಲ್ಲಿ ಬಳಸಬೇಕೆಂದು ಲೇಖನಿ ಎತ್ತಿದರೆ ಕನ್ನಡದ ಉಪಾಧ್ಯಾಯನಿಗೆ ಕೈ ತಡೆಯುತ್ತದೆ. ಇಂದಿನ ಕನ್ನಡದಲ್ಲಿ ಪರದೇಶಿ ಎಂದರೆ ದಿಕ್ಕಿಲ್ಲದವನು, ಅನಾಥ. ‘ಪರದೇಶಿ ನನ್ನ ಮಗ’ ಎಂಬುದು ಬೈಗುಳ. ಆದರೆ ನಮ್ಮ ಹಳೆಯ ಶಾಸನಗಳಲ್ಲಿ ಅದು ಗೌರವದ ಮಾತು. ವಿಜಯನಗರ ಹುಟ್ಟುವುದಕ್ಕೆ ಶತಮಾನಗಳ ಹಿಂದೆಯೇ, ಇಂದಿನ ಐಹೊಳೆ, ಅಂದಿನ ಅಯ್ಯಾವೊಳೆಯ ಹೆಸರು ಹೊತ್ತ ‘ಐನೂರ್ವರು’ ಎಂಬ ವರ್ತಕರ ಸಂಘವು ಕಟ್ಟಿಕೊಂಡಿತ್ತು. ಅವರು ತಮ್ಮನ್ನು ಸ್ವದೇಶಿ, ಪರದೇಶಿ, ನಾನಾದೇಶಿ ಎಂದು ಕರೆದುಕೊಂಡರು. ತಮ್ಮ ನಡೆವಳಿಗೆ ಬಣಂಜುಧರ್ಮವೆಂಬ ಹೆಸರನ್ನಿಟ್ಟುಕೊಂಡರು. ಹನ್ನೊಂದನೆಯ ಶತಮಾನದ ಶಿಕಾರಿಪುರದ ಶಾಸನವೊಂದು, ಅವರು ಆನೆ ಕುದುರೆಗಳನ್ನೂ ಮುತ್ತು ಹವಳಗಳನ್ನೂ ಏಲಕ್ಕಿ ಲವಂಗ ಶ್ರೀಗಂಧ ಕರ್ಪೂರ ಕಸ್ತೂರಿಗಳನ್ನೂ ಸಗಟಾಗಿ ಮಾರುತ್ತಿದ್ದರು, ಹೆಗಲ ಮೇಲೆ ಹೊತ್ತು ಬಿಡಿಯಾಗಿಯೂ ಮಾರುತ್ತಿದ್ದರು ಎಂದು ವರ್ಣಿಸುತ್ತದೆ. 1088ರಲ್ಲಿ ಸುಮಾತ್ರಾ ದ್ವೀಪದ ಬರೂಸ್ ಸಮೀಪದಲ್ಲಿ ಇದೇ ಐನೂರ್ವರ ಹೆಸರಿನ ಶಾಸನ ತಮಿಳಿನಲ್ಲಿ ನಿಂತಿತು. ಬರ್ಮಾದ ಪಗಾನ್ ನಗರದಲ್ಲಿ ನಾನಾದೇಶಿಗಳ ಹೆಸರಿನ ವಿಷ್ಣುದೇವಾಲಯವೇ ಇತ್ತು. ಮಲಪ್ರಭೆಯ ದಡದ ಒಂದು ಊರಿನ ಹೆಸರು, ಭಾಷೆಯಿಂದ ಭಾಷೆಗೆ ದಾಟಿ, ಕಡಲನ್ನೂ ದಾಟಿಹೋಯಿತು.

ಹೀಗೆ ಮೆರೆದ ‘ಪರದೇಶಿ’ ಎಂಬ ಶಬ್ದ ಬೈಗುಳದ ಮಟ್ಟಕ್ಕೆ ಇಳಿದದ್ದು ಹೇಗೆ ಎಂಬುದನ್ನು ಭಾಷಾಶಾಸ್ತ್ರಜ್ಞರು ವಿವರಿಸಲಿ. ದೆಹಲಿಯಲ್ಲಿ ಬಾಡಿಗೆಯ ಮನೆ ಹುಡುಕುವಾಗ, ‘ಎಲ್ಲಿಯವರು, ಏನು ತಿನ್ನುತ್ತೀರಿ’ ಎಂಬ ಪ್ರಶ್ನೆಗಳನ್ನು ನಾಲ್ಕು ಬಾಗಿಲುಗಳಲ್ಲಿ ಕೇಳಿಸಿಕೊಂಡ ನನ್ನಂಥವನಿಗೆ ಆ ಇಳಿತದ ಅರ್ಥ ನಿಘಂಟಿನ ಸಹಾಯವಿಲ್ಲದೆಯೇ ತಿಳಿಯುತ್ತದೆ. ಬೆಂಗಳೂರಿನಲ್ಲಿ ಬೇರೆ ನಾಡಿನವರು ಬಾಗಿಲು ತಟ್ಟಿದಾಗ ನಾವು ಕೇಳುವ ಪ್ರಶ್ನೆಗಳೂ ಬೇರೆಯಾಗಿಲ್ಲ. ಆದ್ದರಿಂದಲೇ ವಿಜಯನಗರದ ಪೇಟೆ ನಮಗೆ ಪಾಠವಾಗಬೇಕು. ಅರಸರ ಆನೆ ಅಂಬಾರಿಗಳನ್ನು ನಾವು ಮರಳಿ ತರಲಾರೆವು, ತರಬೇಕಾಗಿಯೂ ಇಲ್ಲ. ಆದರೆ ದೂರದವನನ್ನು ನಂಬಿ ಬರಮಾಡಿಕೊಂಡ ಆ ನಡತೆ ಇಂದಿಗೂ ಬೇಕಾದದ್ದು; ಉತ್ಸವ ಮಾಡಿ ಸ್ಮರಿಸಬೇಕಾದದ್ದು.

ಇಲ್ಲಿ ಒಂದು ಕಹಿಯಾದ ಸಂಗತಿಯನ್ನು ಹೇಳದೆ ವಿಧಿಯಿಲ್ಲ. ವಿರೂಪಾಕ್ಷನ ಮುಂದಿನ ಬಜಾರಿನ ಸಾಲುಮಂಟಪಗಳಲ್ಲಿ ದಶಕಗಳಿಂದ ಜನ ವಾಸವಾಗಿದ್ದರು. ಹೂವು ಹಣ್ಣು ಕಾಯಿ ಮಾರುವವರು, ಖಾನಾವಳಿಯವರು, ಬಟ್ಟೆ ಪುಸ್ತಕ ಇಟ್ಟುಕೊಂಡವರು, ಯಾತ್ರಿಕರಿಗೆ ಕೋಣೆ ಕೊಡುವವರು ಕಲ್ಲಿನ ಕಂಬಗಳ ನಡುವೆ ಗೋಡೆ ಎಬ್ಬಿಸಿಕೊಂಡು ಬದುಕು ಕಟ್ಟಿಕೊಂಡಿದ್ದರು. 2011ರ ಜುಲೈ ತಿಂಗಳ ಕೊನೆಯಲ್ಲಿ, ಸ್ಮಾರಕಗಳ ರಕ್ಷಣೆಯ ಹೆಸರಿನಲ್ಲಿ, ಆ ಅಂಗಡಿ ಮನೆಗಳನ್ನು ಯಂತ್ರಗಳು ಬಂದು ಕೆಡವಿದವು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ನೆಲೆ ಕಳೆದುಕೊಂಡವು. ಕೆಲವು ಕಿಲೋಮೀಟರು ದೂರದ ಕಡ್ಡಿರಾಂಪುರದಲ್ಲಿ ಅವರಿಗೆ ನಿವೇಶನವೆಂದು ಗೊತ್ತಾಯಿತು; ಅದು ಕೈಗೆ ಬರುವಷ್ಟರಲ್ಲಿ ವರ್ಷಗಳೇ ಸರಿದವು.

ಈ ವಿಷಯದಲ್ಲಿ ಎದುರುಮಾತು ಇದೆ, ಅದನ್ನು ನ್ಯಾಯವಾಗಿ ಕೇಳಬೇಕು. ಹಂಪೆ 1986ರಿಂದ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಯಲ್ಲಿದೆ. 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿಯೂ ಇತ್ತು. ಐನೂರು ವರ್ಷದ ಕಂಬಕ್ಕೆ ಮೊಳೆ ಹೊಡೆದು ತಗಡು ಕಟ್ಟುವುದನ್ನು, ಮಂಟಪದೊಳಗೆ ಒಲೆ ಹೂಡಿ ಕಲ್ಲನ್ನು ಕರಿ ಹಿಡಿಸುವುದನ್ನು ಯಾರೂ ಸರಿಯೆನ್ನಲಾರರು. ಕಲ್ಲು ಹೋದರೆ ಮತ್ತೆ ಬರುವುದಿಲ್ಲ. ಆದರೆ ಬಜಾರಿನ ಕಲ್ಲನ್ನು ಉಳಿಸಿ ಬಜಾರನ್ನೇ ಇಲ್ಲವಾಗಿಸಿದರೆ ನಾವು ಉಳಿಸಿದ್ದು ಏನನ್ನು? ಕಾಯುವವರಿಗೂ ಬದುಕುವವರಿಗೂ ನಡುವೆ ಮಾತುಕತೆ ನಡೆದು, ಮೊದಲು ಹೊಸ ನೆಲೆ ಸಿದ್ಧವಾಗಿ, ಆಮೇಲೆ ಹಳೆಯ ನೆಲೆ ತೆರವಾಗಿದ್ದರೆ ಕಂಬವೂ ಉಳಿಯುತ್ತಿತ್ತು, ಮನುಷ್ಯನ ಮಾನವೂ ಉಳಿಯುತ್ತಿತ್ತು. ಸತ್ತ ಕುದುರೆಯ ಬಾಲಕ್ಕೂ ಬೆಲೆ ಕೊಟ್ಟವರ ರಾಜಧಾನಿಯಲ್ಲಿ, ಬದುಕಿದ್ದ ಅಂಗಡಿಗೆ ಬೆಲೆ ಸಿಗಲಿಲ್ಲ.

ಜೀವಂತವಾದ ಹಳೆಯ ಪೇಟೆ ಹೇಗಿರುತ್ತದೆ ಎಂದು ನೋಡಲು ದೆಹಲಿಯವರಾದ ನಾವು ಬಹು ದೂರ ಹೋಗಬೇಕಾಗಿಲ್ಲ. ಶಾಹಜಹಾನನ ಮಗಳು ಜಹಾನಾರಾ ಹದಿನೇಳನೆಯ ಶತಮಾನದ ನಡುವಿನಲ್ಲಿ ಮಾಡಿಸಿದ ಚಾಂದನಿ ಚೌಕದಲ್ಲಿ ಇಂದಿಗೂ ಕಾಲಿಡಲು ಸ್ಥಳವಿಲ್ಲ. ಅದರ ಪಶ್ಚಿಮದ ತುದಿಯ ಫತೇಪುರಿ ಮಸೀದಿಯ ಪಕ್ಕದಲ್ಲಿ ಖಾರೀ ಬಾವಲಿ ಎಂಬ ಸಂಬಾರ ಪದಾರ್ಥಗಳ ಪೇಟೆಯಿದೆ. ಹಿಂದೊಮ್ಮೆ ಎಂಟನೆಯ ತರಗತಿಯ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಮೆಣಸಿನ ಘಾಟಿಗೆ ಎಲ್ಲರೂ ಸೀನುತ್ತ ಒಬ್ಬ ಮುದುಕ ವ್ಯಾಪಾರಿಯ ಅಂಗಡಿಯ ಮುಂದೆ ನಿಂತೆವು. ನಾವು ಕನ್ನಡದಲ್ಲಿ ಮಾತನಾಡುವುದನ್ನು ಕೇಳಿ ಆತ ಎಲ್ಲಿಯವರೆಂದು ವಿಚಾರಿಸಿದನು. ಕರ್ನಾಟಕವೆಂದೊಡನೆ, ಒಂದೊಂದು ಗೋಣಿಚೀಲವನ್ನು ಮುಟ್ಟಿ, ‘ಇದು ಸಿರ್ಸಿ, ಇದು ಶಿಮೋಗಾ, ಇದು ಸಕಲೇಶಪುರ’ ಎಂದು ಹೆಸರಿಟ್ಟು ತೋರಿಸುತ್ತ ಹೋದನು. ಅಡಿಕೆ, ಮೆಣಸು, ಏಲಕ್ಕಿಗಳ ಮೂಲಕ ಅವನಿಗೆ ನಮ್ಮ ನಾಡಿನ ಭೂಗೋಳ ತಿಳಿದಿತ್ತು. ಆ ಊರುಗಳಿಗೆ ಆತ ಒಮ್ಮೆಯೂ ಹೋದವನಲ್ಲ. ನಮ್ಮ ಹುಡುಗನೊಬ್ಬ ಸಿರ್ಸಿಯೆಂದರೆ ಹರಿಯಾಣದ ಸಿರ್ಸಾ ಇರಬೇಕೆಂದು ಮೆಲ್ಲಗೆ ಹೇಳಿದಾಗ, ಆತನೇ ನಕ್ಕು ತಿದ್ದಿದನು. ಸಿರ್ಸಿಯ ತೋಟದವನನ್ನು ಕಾಣದೆ ಅವನ ಅಡಿಕೆಗೆ ಮುಂಗಡ ಕಳುಹಿಸುವ ವ್ಯಾಪಾರಿ, ವ್ಯಾಪಾರಿಯ ಮುಖ ಕಾಣದೆ ಮಾಲು ಕಳುಹಿಸುವ ತೋಟದವನು, ಇವರಿಬ್ಬರ ನಡುವೆ ಇರುವುದು ಅಯ್ಯಾವೊಳೆಯವರು ನಡೆಸಿಕೊಂಡು ಬಂದ ನಂಬಿಕೆಯೇ ಅಲ್ಲವೆ?

ನಂಬಿಕೆಯ ಬದಲು ಭಯದಿಂದ ಪೇಟೆ ನಡೆಸಲು ಹೊರಟವರೂ ಉಂಟು. ಇದೇ ದೆಹಲಿಯಲ್ಲಿ ಸಿರಿ ಕೋಟೆಯನ್ನು ಕಟ್ಟಿಸಿದ ಅಲ್ಲಾವುದ್ದೀನ್ ಖಿಲ್ಜಿಯು ಧಾನ್ಯಕ್ಕೂ ಬಟ್ಟೆಗೂ ಕುದುರೆಗೂ ಬೆಲೆ ಕಟ್ಟಿದನು. ತೂಕದಲ್ಲಿ ಮೋಸ ಮಾಡಿದವನ ಮೈಯಿಂದ ಕಡಿಮೆಯಾದಷ್ಟೇ ಮಾಂಸವನ್ನು ಕೊಯ್ಯಿಸುತ್ತಿದ್ದರೆಂದು ಇತಿಹಾಸಕಾರ ಬರನಿ ಬರೆಯುತ್ತಾನೆ. ಜನಕ್ಕೆ ಧಾನ್ಯ ಅಗ್ಗವಾಗಿ ಸಿಕ್ಕಿತೆಂಬುದೂ ಅವನ ಮಾತೇ. ಆದರೆ 1316ರಲ್ಲಿ ಸುಲ್ತಾನನು ತೀರಿಕೊಂಡೊಡನೆ ಆ ಕಟ್ಟುಪಾಡೆಲ್ಲ ಸಡಿಲಿಹೋಯಿತು. ಹೆದರಿಕೆಯ ತಕ್ಕಡಿ ಹೆದರಿಸುವವನು ಇರುವವರೆಗೆ ಮಾತ್ರ ಸರಿಯಾಗಿ ತೂಗುತ್ತದೆ. ಅರಸುಮನೆತನಗಳು ಹುಟ್ಟಿ ಅಳಿದರೂ ಐನೂರ್ವರ ಸಂಘ ಶತಮಾನಗಳ ಕಾಲ ಉಳಿದುಕೊಂಡದ್ದು, ಅದರ ಕಟ್ಟಳೆ ಅದರವರೇ ಒಪ್ಪಿಕೊಂಡ ಕಟ್ಟಳೆಯಾಗಿದ್ದುದರಿಂದ.

ಹಾಗಾದರೆ ಉತ್ಸವ ಹೇಗಿರಬೇಕು? ನನಗೆ ತೋರಿದ ಕೆಲವು ಮಾತುಗಳನ್ನು ವಿನಯದಿಂದ ಮುಂದಿಡುತ್ತೇನೆ.

ಮೊದಲನೆಯದಾಗಿ, ದಿನ ನಿಶ್ಚಯವಾಗಬೇಕು. ಸಂತೆಯ ಪ್ರಾಣವಿರುವುದು ಅದರ ವಾರದಲ್ಲಿ. ಸೋಮವಾರದ ಸಂತೆ ಸೋಮವಾರವೇ ನೆರೆಯುತ್ತದೆಂಬ ಭರವಸೆಯಿಂದ ಹತ್ತು ಹಳ್ಳಿಯ ಜನ ಬುಟ್ಟಿ ಹೊತ್ತು ಹೊರಡುತ್ತಾರೆ. ವಿಜಯನಗರದ ಮಹಾನವಮಿ ಆಶ್ವಯುಜ ಮಾಸವನ್ನು ಬಿಟ್ಟು ಕದಲುತ್ತಿರಲಿಲ್ಲ. ಇಂದಿನ ಹಂಪೆಯ ಉತ್ಸವವಾದರೋ ಬಹುಕಾಲ ನವೆಂಬರಿನ ಮೊದಲ ವಾರದಲ್ಲಿ ನಡೆದು, 2023ರಲ್ಲಿ ಜನವರಿಯ ಕೊನೆಗೆ ಬಂದು, 2025ರಲ್ಲಿ ಫೆಬ್ರವರಿ ಮಾರ್ಚ್ ತಿಂಗಳುಗಳ ನಡುವಿಗೆ ಜಾರಿತು. ಬರವೋ ಚುನಾವಣೆಯೋ ಅಡ್ಡ ಬರುವುದುಂಟು, ನಿಜ. ಆದರೆ ದಿನ ತಿಳಿಯದೆ ಇಳಕಲ್ಲಿನ ನೇಕಾರನು ಮಗ್ಗಕ್ಕೆ ಸೀರೆ ಏರಿಸುವುದು ಹೇಗೆ? ಕೊನೆಯ ಗಳಿಗೆಯಲ್ಲಿ ದಿನ ಗೊತ್ತುಮಾಡಿದರೆ ‘ಸಂತೆಗೆ ಮೂರು ಮೊಳ ನೇಯ್ದ ಹಾಗೆ’ ಆಗುತ್ತದೆಯೇ ಹೊರತು ಬಾಳಿಕೆಯ ಬಟ್ಟೆ ಬರುವುದಿಲ್ಲ. ಒಡಿಶಾದ ಕಟಕ್ ನಗರದ ಬಾಲಿಯಾತ್ರೆಯನ್ನು ನೋಡಿ. ಬಾಲಿ, ಜಾವಾ, ಸುಮಾತ್ರಾಗಳಿಗೆ ಹಡಗು ನಡೆಸಿದ ಹಿಂದಿನ ವರ್ತಕರ ನೆನಪಿನಲ್ಲಿ ಮಹಾನದಿಯ ದಡದಲ್ಲಿ ನಡೆಯುವ ಆ ಜಾತ್ರೆ ಕಾರ್ತಿಕ ಹುಣ್ಣಿಮೆಗೇ ತೊಡಗುತ್ತದೆ. ಅಂದು ಬೆಳಗ್ಗೆ ಮಕ್ಕಳೂ ದೊಡ್ಡವರೂ ಪುಟ್ಟ ದೋಣಿಗಳನ್ನು ಮಾಡಿ ನೀರಿಗೆ ಬಿಡುತ್ತಾರೆ. ಅಂಗಡಿ ಹೂಡುವವರಿಗೆ ಅದರ ದಿನವನ್ನು ಯಾರೂ ಪತ್ರಿಕೆಯಲ್ಲಿ ಪ್ರಕಟಿಸಬೇಕಾಗಿಲ್ಲ, ಚಂದ್ರನೇ ತಿಳಿಸುತ್ತಾನೆ.

ಎರಡನೆಯದಾಗಿ, ಉತ್ಸವದ ನಡುವೆ ನಿಜವಾದ ಸಂತೆ ನೆರೆಯಬೇಕು. ಅದರಲ್ಲಿ ಮೊದಲ ಸಾಲು ಹಳೆಯ ಬಜಾರಿನಿಂದ ಎದ್ದುಹೋದ ಕುಟುಂಬಗಳಿಗೆ ಮೀಸಲಾಗಬೇಕು. ಸ್ಮಾರಕಗಳಿಗೆ ತಾಗದಂತೆ, ಮೊಳೆ ಹೊಡೆಯದೆ, ಒಲೆ ಹೂಡದೆ, ಬಯಲಿನಲ್ಲಿ ಚಪ್ಪರದ ಕೆಳಗೆ ಇದನ್ನು ನಡೆಸಬಹುದು. ಕಿನ್ನಾಳದ ಗೊಂಬೆ, ಸಂಡೂರಿನ ಲಂಬಾಣಿ ಕಸೂತಿ, ಆನೆಗುಂದಿಯ ಬಾಳೆನಾರಿನ ಬುಟ್ಟಿ, ಬೀದರಿನ ಬಿದರಿ ಪಾತ್ರೆ ಇವನ್ನು ಮಾಡಿದವರೇ ಮಾರುವಂತಾಗಲಿ. ನಡುವಿನ ದಲ್ಲಾಳಿ ಆ ಮೂರು ದಿನವಾದರೂ ಮನೆಯಲ್ಲಿರಲಿ. ಇದೇ ದೆಹಲಿಯ ಮಗ್ಗುಲಲ್ಲಿ, ಫರೀದಾಬಾದಿನ ಸೂರಜಕುಂಡದಲ್ಲಿ, ತೋಮರರ ಕಾಲದ್ದೆನ್ನುವ ಹಳೆಯ ಕೊಳದ ಹತ್ತಿರ 1987ರಿಂದ ಕರಕುಶಲ ಮೇಳ ನಡೆದುಬಂದಿದೆ. ನಾಡಿನ ಮೂಲೆಮೂಲೆಯ ಕುಶಲಿಗಳು ಅಲ್ಲಿಗೆ ಬಂದು ಕುಳಿತು ತಮ್ಮ ಕೈಯಿಂದಲೇ ಮಾರುತ್ತಾರೆ. ಅಲ್ಲಿ ಸಾಧ್ಯವಾದದ್ದು ತುಂಗಭದ್ರೆಯ ದಡದಲ್ಲಿ ಅಸಾಧ್ಯವಾಗಬೇಕಾಗಿಲ್ಲ.

ಮೂರನೆಯದಾಗಿ, ವಿದ್ಯೆಗೆ ಒಂದು ಚಪ್ಪರ ಬೇಕು. ವರಹ, ಪ್ರತಾಪ, ಹಣ, ತಾರ ಎಂಬ ನಾಣ್ಯಗಳ ಪರಿಚಯವನ್ನು, ಸೇರು ಬಳ್ಳ ಕೊಳಗಗಳ ಅಳತೆಯನ್ನು, ಸುಂಕದ ಶಾಸನಗಳ ಅರ್ಥವನ್ನು ಅಲ್ಲಿ ಬಲ್ಲವರು ತಿಳಿಗನ್ನಡದಲ್ಲಿ ಮಕ್ಕಳಿಗೆ ಹೇಳಲಿ. ಒಂದು ತಕ್ಕಡಿಯನ್ನು ತೂಗುಹಾಕಿ, ಮಕ್ಕಳೇ ತೂಗಿ ನೋಡುವಂತೆ ಮಾಡಲಿ. ಪುರಂದರದಾಸರು ಪೂರ್ವಾಶ್ರಮದಲ್ಲಿ ಸಿರಿವಂತ ವ್ಯಾಪಾರಿಯಾಗಿದ್ದರೆಂದು ಸಂಪ್ರದಾಯ ಹೇಳುತ್ತದೆ. ಭಗವಂತನ ನಾಮವನ್ನು ಸಕ್ಕರೆಯಂತೆ ಕೂಗಿ ಮಾರುವ ಅವರ ಹಾಡಿನಲ್ಲಿ ಎತ್ತಿನ ಹೇರು, ಸುಂಕ, ಲಾಭ, ಸಂತೆ ಎಲ್ಲವೂ ಬರುತ್ತವೆ. ಪೇಟೆಯನ್ನು ತಿಳಿಯದವನಿಗೆ ಆ ಹಾಡಿನ ಸೊಗಸು ಅರ್ಧದಷ್ಟೇ ದಕ್ಕುತ್ತದೆ.

ನಾಲ್ಕನೆಯದು ಸ್ವಲ್ಪ ದೊಡ್ಡ ಆಸೆ. ಯುರೋಪಿನಲ್ಲಿ ಹಾನ್ಸಾ ಎಂಬ ವರ್ತಕ ನಗರಗಳ ಒಕ್ಕೂಟವೊಂದು ಮಧ್ಯಯುಗದಲ್ಲಿತ್ತು. ಲ್ಯೂಬೆಕ್ ಅದರ ಮುಖ್ಯ ನಗರ. ಅದು ಅಳಿದು ಶತಮಾನಗಳಾದ ಮೇಲೆ, 1980ರಲ್ಲಿ ಆ ಹಳೆಯ ನಗರಗಳು ಮತ್ತೆ ಕೈಕೂಡಿಸಿ, ವರ್ಷಕ್ಕೊಂದು ಊರಿನಲ್ಲಿ ಸರದಿಯಂತೆ ಹಾನ್ಸಾ ಉತ್ಸವವನ್ನು ನಡೆಸತೊಡಗಿದವು. ದೇಶದ ಗಡಿಗಳನ್ನೂ ಮೀರಿ ಒಂದೂರಿನವರು ಇನ್ನೊಂದೂರಿಗೆ ಅತಿಥಿಗಳಾಗಿ ಹೋಗುತ್ತಾರೆ. ನಮಗೂ ಅಯ್ಯಾವೊಳೆಯ ಹಾದಿ ಉಂಟು. ಐಹೊಳೆ, ಬಳ್ಳಿಗಾವೆ, ಹಂಪೆ, ಬಸರೂರು, ಭಟ್ಕಳ ಇವು ಸರದಿಯಂತೆ ಒಂದಕ್ಕೊಂದು ಆತಿಥ್ಯ ಕೊಟ್ಟು ವರ್ತಕರ ಉತ್ಸವವೊಂದನ್ನು ನಡೆಸಿದರೆ, ತಮಿಳು ತೆಲುಗು ಮಲೆಯಾಳದ ಹಳೆಯ ಪೇಟೆಗಳಿಗೂ ಕರೆಯೋಲೆ ಹೋದರೆ, ನಾನಾದೇಶಿ ಎಂಬ ಮಾತಿಗೆ ಮರಳಿ ಜೀವ ಬಂದೀತು.

ಉತ್ಸವವೆಂದರೆ ಸಂತೋಷ, ಅದರಲ್ಲಿ ಇಷ್ಟೆಲ್ಲ ಪಾಠವೇಕೆ ಎಂದು ಕೆಲವರು ಕೇಳಬಹುದು. ಸಂತೆಗಿಂತ ಸಂತೋಷದ ತಾಣ ಯಾವುದಿದೆ? ಹಳ್ಳಿಯ ಮಗುವಿಗೆ ಬತ್ತಾಸು, ಬಳೆ, ಪೀಪಿ, ಗಿಲಕಿಗಳ ಲೋಕ ತೆರೆದುಕೊಳ್ಳುವುದು ಸಂತೆಯಲ್ಲಿಯೇ. ವೇದಿಕೆಯ ಮುಂದೆ ಕುಳಿತವನು ನೋಡುವವನು ಮಾತ್ರ. ಸಂತೆಗೆ ಬಂದವನು ಮಾತನಾಡಬೇಕು, ಕೇಳಬೇಕು, ಚೌಕಾಸಿ ಮಾಡಬೇಕು, ಗುರುತಿಲ್ಲದವನೊಡನೆ ನಗಬೇಕು. ಅವನೂ ಉತ್ಸವದ ಭಾಗವಾಗುತ್ತಾನೆ.

ನಮ್ಮ ಶಾಲೆಯ ಪ್ರಿಯ ವಿದ್ಯಾರ್ಥಿಗಳೇ, ನಿಮ್ಮ ತಂದೆತಾಯಿಗಳು ಧಾರವಾಡದಿಂದಲೋ ಮಂಗಳೂರಿನಿಂದಲೋ ರಾಯಚೂರಿನಿಂದಲೋ ಹೊರಟು, ಎರಡು ದಿನ ರೈಲಿನಲ್ಲಿ ಕುಳಿತು, ಭಾಷೆ ತಿಳಿಯದ ಈ ಮಹಾನಗರಕ್ಕೆ ಬಂದಿಳಿದವರು. ಯಾರೋ ಒಬ್ಬರು ನಂಬಿ ಕೆಲಸ ಕೊಟ್ಟರು, ಯಾರೋ ಒಬ್ಬರು ನಂಬಿ ಮನೆ ಕೊಟ್ಟರು. ಹಾಗೆಂದೇ ನೀವು ಇಲ್ಲಿ ಕುಳಿತು ಕನ್ನಡ ಓದುತ್ತಿದ್ದೀರಿ. ನೀವೂ ಅಯ್ಯಾವೊಳೆಯವರ ಅರ್ಥದಲ್ಲಿ ಪರದೇಶಿಗಳೇ. ಆ ಹೆಸರಿಗೆ ತಲೆ ತಗ್ಗಿಸಬೇಕಾಗಿಲ್ಲ. ರಜೆಯಲ್ಲಿ ಹಂಪೆಗೆ ಹೋದಾಗ ಕಲ್ಲಿನ ರಥವನ್ನು ನೋಡಿ, ಗೋಪುರವನ್ನು ನೋಡಿ, ಅರಸರ ಕಥೆಯನ್ನೂ ಕೇಳಿ. ಆಮೇಲೆ ಬರಿದಾದ ಬಜಾರಿನ ನಡುವೆ ಒಂದು ಗಳಿಗೆ ನಿಂತು, ಇಲ್ಲಿ ಹೂವು ಮಾರುತ್ತಿದ್ದವಳು ಯಾರು, ಅವಳ ಮೊಮ್ಮಕ್ಕಳು ಈಗ ಎಲ್ಲಿದ್ದಾರೆ ಎಂದು ಜೊತೆಯವರನ್ನು ಕೇಳಿ. ಆ ಪ್ರಶ್ನೆಯನ್ನು ಕೇಳುವ ಮಕ್ಕಳು ಹೆಚ್ಚಾದಂತೆಲ್ಲ, ಉತ್ಸವ ನಡೆಸುವವರು ಸಂತೆಗೆ ಜಾಗ ಮಾಡಿಕೊಡಲೇಬೇಕಾಗುತ್ತದೆ.